ಕೋಳಿಗೂಡಿನ ಕಾವಲಿಗೆ ಕೊಂಡ ಸಾಮಾನು: ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ

ಕೋಳಿ ಸಾಕುವವರಿಗೆ ಅಂತ ಮಾರುವ ಕಾವಲು ಸಾಮಾನಿನ ಪೆಟ್ಟಿಗೆ ನೋಡಿದ್ದೀರಾ? ನರಿ, ಗಿಡುಗ, ಬೆಕ್ಕು, ಹಾವು, ಇಲಿ, ಎಲ್ಲದರ ಚಿತ್ರವನ್ನೂ ಸಾಲಾಗಿ ಹಾಕಿ, ಪ್ರತಿಯೊಂದರ ಮೇಲೂ ಕೆಂಪು ಗೆರೆ ಎಳೆದಿರುತ್ತಾರೆ. ಒಂದೇ ಸಾಮಾನು ಎಲ್ಲವನ್ನೂ ಓಡಿಸುತ್ತದಂತೆ. ಹಗಲಲ್ಲಿ ಮೇಲಿಂದ ಎರಗುವ ಗಿಡುಗನಿಗೂ ರಾತ್ರಿ ಮಣ್ಣು ತೋಡಿ ಬರುವ ಹೆಗ್ಗಣಕ್ಕೂ ಒಂದೇ ಮದ್ದು ಹೇಗಾಗುತ್ತದೆ, ನೀವೇ ಹೇಳಿ.

ನಮ್ಮ ಹಿತ್ತಲಲ್ಲಿ ಒಂದಷ್ಟು ಹೇಂಟೆ, ಒಂದು ಹುಂಜ, ಆಗಾಗ ಮರಿಗಳು ಇರುತ್ತವೆ. ಇವುಗಳ ಕಾವಲಿಗೆ ನಾನು ಕೊಂಡು ಬಳಸಿದ ಸಾಮಾನುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಕ್ಯಾಮೆರಾ, ವೆಲ್ಡ್ ಮೆಶ್, ತಾನಾಗಿ ಮುಚ್ಚುವ ಬಾಗಿಲು, ಮಿಣುಕು ದೀಪ, ಅಲ್ಟ್ರಾಸಾನಿಕ್ ಪೆಟ್ಟಿಗೆ, ಕರೆಂಟ್ ಬಲೆ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಒಂದೇ ಕಾರ್ಖಾನೆಯ ಮಾಲು ಹತ್ತು ಹೆಸರಿನಲ್ಲಿ ಬರುತ್ತದೆ, ಇವತ್ತು ಸಿಕ್ಕಿದ್ದು ನಾಳೆ ಸಿಗುವುದಿಲ್ಲ. ಏನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಆದರೆ ಕೊಳ್ಳುವ ಮುಂಚೆ ಕಳ್ಳ ಯಾರು ಅಂತ ಗೊತ್ತಾಗಬೇಕು. ಇದಕ್ಕೆ ದುಡ್ಡು ಬೇಡ, ಕಣ್ಣು ಬೇಕು. ಕೋಳಿ ಸತ್ತ ಬೆಳಿಗ್ಗೆ ಬೇಜಾರಿನಲ್ಲಿ ಗುಡಿಸಿ, ತೊಳೆದು ಬಿಡಬೇಡಿ. ಮೊದಲು ನಿಂತು ನೋಡಿ.

ಕೋಳಿ ಮಾಯವಾಗಿದೆ, ಅಲ್ಲಲ್ಲಿ ನಾಲ್ಕು ಗರಿ ಬಿಟ್ಟರೆ ಏನೂ ಇಲ್ಲ ಅಂದರೆ ನರಿಯಂಥ ದೊಡ್ಡ ಪ್ರಾಣಿ ಇಡೀ ಕೋಳಿಯನ್ನೇ ಹೊತ್ತುಕೊಂಡು ಹೋಗಿದೆ. ಕೋಳಿಗಳು ಅಂಗಳದ ತುಂಬ ಸತ್ತು ಬಿದ್ದಿವೆ, ಒಂದನ್ನೂ ತಿಂದಿಲ್ಲ, ಬೆನ್ನು, ತೊಡೆ ಕಡೆ ಕಚ್ಚಿದ ಗಾಯ ಇದೆ ಅಂದರೆ ಅದು ನಾಯಿ. ನಾಯಿಗೆ ಹಸಿವಲ್ಲ, ಆಟ. ಹೆಚ್ಚಿನ ಸಲ ಅದು ಯಾರದೋ ಮನೆಯ ಸಾಕುನಾಯಿಯೇ ಆಗಿರುತ್ತದೆ, ಅದಕ್ಕೇ ಈ ಮಾತು ಎತ್ತಿದರೆ ಜಗಳ. ಕುತ್ತಿಗೆ, ತಲೆಯ ಹಿಂದೆ ಸಣ್ಣ ಹಲ್ಲಿನ ಗುರುತು ಇದ್ದರೆ ಮುಂಗುಸಿ, ವೀಸಲ್ ತರದ ಸಣ್ಣ ಬೇಟೆಗಾರರನ್ನು ನೆನೆಯಿರಿ. ಮುಚ್ಚಿದ ಗೂಡಿನೊಳಗೆ ಕೋಳಿಗಳು ರೆಕ್ಕೆ ಬಡಿದು ಗಾಬರಿ ಬಿದ್ದಷ್ಟೂ ಇಂಥವು ಕೊಲ್ಲುತ್ತಲೇ ಹೋಗುತ್ತವೆ. ತಿನ್ನುವುದು ಒಂದನ್ನೋ ಅರ್ಧವನ್ನೋ.

ಗರಿ ಎತ್ತಿಕೊಂಡು ಬುಡ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗಿಡುಗ, ಗೂಬೆ ಗರಿಯನ್ನು ಕಿತ್ತು ಹಾಕುತ್ತವೆ. ಹಾಗಾಗಿ ಒಂದೇ ಕಡೆ ಗುಡ್ಡೆ ಬಿದ್ದಿರುತ್ತದೆ, ಗರಿಯ ಕಡ್ಡಿ ಪೂರ್ತಿ ಇರುತ್ತದೆ. ನಾಲ್ಕು ಕಾಲಿನ ಪ್ರಾಣಿಗಳು ಕಚ್ಚಿ ಎಳೆಯುತ್ತವೆ, ಕಡ್ಡಿ ಮುರಿದಿರುತ್ತದೆ, ಜಜ್ಜಿರುತ್ತದೆ. ಹಗಲಲ್ಲಿ ಎದೆಮಾಂಸ ತಿಂದಿದ್ದರೆ ಗಿಡುಗ. ರಾತ್ರಿ ಹೊರಗೆ ಮಲಗಿದ ಕೋಳಿಯ ತಲೆ, ಕುತ್ತಿಗೆ ಮಾತ್ರ ಹೋಗಿದ್ದರೆ ಗೂಬೆ ಇರಬಹುದು. ಜಾಲರಿಗೆ ಒತ್ತಿಕೊಂಡಂತೆ ಕೋಳಿ ಸತ್ತಿದೆ, ತಲೆಯೋ ಕಾಲೋ ಇಲ್ಲ ಅಂದರೆ ಹೊರಗಿನಿಂದಲೇ ಕೈ ಹಾಕಿ ಎಳೆದಿದ್ದಾರೆ ಅಂತ ಅರ್ಥ. ರಕೂನ್ ಇರುವ ಕಡೆ ಅದೇ ಮೊದಲ ಶಂಕಿತ. ಅದರ ಮುಂಗಾಲು ಕಾಲಲ್ಲ, ಕೈ. ಅಮೆರಿಕ ಖಂಡದ ಈ ಪ್ರಾಣಿ ಈಗ ಜರ್ಮನಿ, ಜಪಾನ್‌ನಲ್ಲೂ ನೆಲೆ ನಿಂತಿದೆ.

ಮೊಟ್ಟೆ ಕಳ್ಳರದ್ದು ಬೇರೆಯೇ ಲೆಕ್ಕ. ಚಿಪ್ಪಿನ ಚೂರೂ ಇಲ್ಲದೆ ಮೊಟ್ಟೆ ಹೋಗಿದ್ದರೆ ಹಾವು ಇಡಿಯಾಗಿ ನುಂಗಿರಬಹುದು, ಇಲ್ಲವೇ ಕಾಗೆಯೋ ಹೆಗ್ಗಣವೋ ಹೊತ್ತೊಯ್ದಿರಬಹುದು. ಸತ್ತ ಮರಿಯ ತಲೆ, ಕತ್ತು ಜೊಲ್ಲಿನಿಂದ ಒದ್ದೆಯಾಗಿದ್ದರೆ ಹಾವು ನುಂಗಲು ನೋಡಿ ಆಗದೆ ಬಿಟ್ಟಿದೆ. ಇನ್ನೊಂದು ವಿಷಯ. ಹಳದಿ ಚೆಲ್ಲಿದೆ, ಗೂಡಿನ ಹುಲ್ಲು ಅಂಟಂಟು, ಚಿಪ್ಪು ಅಲ್ಲೇ ಇದೆ ಅಂದರೆ ಹೊರಗೆ ಹುಡುಕುವ ಮುಂಚೆ ನಿಮ್ಮ ಕೋಳಿಗಳ ಕೊಕ್ಕು ನೋಡಿ. ಒಂದು ಸಲ ಒಡೆದ ಮೊಟ್ಟೆಯ ರುಚಿ ಹತ್ತಿದ ಕೋಳಿ ಬಿಡುವುದಿಲ್ಲ. ಕ್ಯಾಮೆರಾ, ಬೇಲಿ, ದೀಪ ಯಾವುದೂ ಇದಕ್ಕೆ ಆಗಿಬರಲ್ಲ.

ಗೂಡಿನ ಸುತ್ತ ಒಂದು ಗೇಣು ಅಗಲ ನುಣ್ಣನೆ ಮರಳನ್ನೋ ಜರಡಿ ಹಿಡಿದ ಬೂದಿಯನ್ನೋ ಸಂಜೆ ಹರಡಿ ಬಿಟ್ಟರೆ ಬೆಳಿಗ್ಗೆ ಹೆಜ್ಜೆ ಸಿಗುತ್ತದೆ. ನಾಯಿ, ನರಿ ಹೆಜ್ಜೆಯಲ್ಲಿ ನಾಲ್ಕು ಬೆರಳು, ಮುಂದೆ ಉಗುರಿನ ಗುರುತು. ಬೆಕ್ಕಿಗೂ ನಾಲ್ಕೇ, ಆದರೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ಹಾಗಾಗಿ ಗುರುತು ಬೀಳಲ್ಲ. ಮುಂಗುಸಿ, ಪುನುಗುಬೆಕ್ಕುಗಳಿಗೆ ಐದು ಬೆರಳು. ಹಾವು ಹೋದರೆ ಗೆರೆ. ಇಷ್ಟು ಗೊತ್ತಿದ್ದರೆ ಅರ್ಧ ಪತ್ತೆದಾರಿಕೆ ಮುಗಿಯಿತು.

ಉಳಿದ ಅರ್ಧಕ್ಕೆ ಕ್ಯಾಮೆರಾ. ತಾನು ಒಂದು ಪ್ರಾಣಿಯನ್ನೂ ಓಡಿಸದೆ ಇದ್ದರೂ ನಾನು ಕೊಂಡ ಸಾಮಾನುಗಳಲ್ಲಿ ಜಾಸ್ತಿ ಉಪಕಾರ ಮಾಡಿದ್ದು ಇದೇ. ಕಾಡಿನಲ್ಲಿ ಮರಕ್ಕೆ ಕಟ್ಟುತ್ತಾರಲ್ಲ, ಆ ಬಗೆಯ ಬ್ಯಾಟರಿ ಕ್ಯಾಮೆರಾ. ಮುಂದೆ ಬಿಸಿ ಮೈಯ ಪ್ರಾಣಿ ಓಡಾಡಿದರೆ ಸೆನ್ಸರ್‌ಗೆ ಗೊತ್ತಾಗಿ ತಾನೇ ಫೋಟೋ ಹೊಡೆಯುತ್ತದೆ. ನಮ್ಮ ಮನೆಯವರು ಮೊಟ್ಟೆ, ಮರಿ ಎಲ್ಲದರ ಕಳ್ಳತನವನ್ನೂ ಪಕ್ಕದ ಮನೆಯ ಬೆಕ್ಕಿನ ತಲೆಗೆ ಕಟ್ಟಿ ಕೇಸು ಮುಗಿಸಿದ್ದರು. ಕ್ಯಾಮೆರಾದಲ್ಲಿ ಬೆಕ್ಕು ಬಂತು, ಹೌದು. ಬಂದು ಗೂಡಿನ ನೆರಳಲ್ಲಿ ಮಲಗಿ ಎದ್ದು ಹೋಯಿತು. ಮಟಮಟ ಮಧ್ಯಾಹ್ನ ಬೇಲಿ ಕೆಳಗಿಂದ ನುಸಿದು ಬಂದದ್ದು ಮುಂಗುಸಿ. ರಾತ್ರಿ ಬಾಗಿಲ ಸಂದಿಗೆ ಮೂಗು ಇಟ್ಟು ಮೂಸಿ ಹೋಗುತ್ತಿದ್ದದ್ದು ಪುನುಗುಬೆಕ್ಕು. ಒಂದೇ ಗೂಡಿಗೆ ಹಗಲಿಗೊಬ್ಬ, ರಾತ್ರಿಗೊಬ್ಬ. ರಾತ್ರಿ ಮಾತ್ರ ಕಾವಲಿದ್ದರೆ ಸಾಕು ಅಂತಿದ್ದ ನಮ್ಮ ಲೆಕ್ಕವೆಲ್ಲ ಅಲ್ಲಿಗೆ ಉಲ್ಟಾ ಆಯಿತು.

ಕೊಳ್ಳುವಾಗ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಪ್ರಾಣಿ ಬಂದ ಮೇಲೆ ಎಷ್ಟು ಬೇಗ ಫೋಟೋ ಹೊಡೆಯುತ್ತದೆ ಅನ್ನುವುದು ಮುಖ್ಯ. ಒಂದು ಸೆಕೆಂಡ್ ತಡವಾದರೂ ಬಾಲದ ತುದಿ ಮಾತ್ರ ಸಿಗುತ್ತದೆ. ಇನ್ನೊಂದು, ಕತ್ತಲಲ್ಲಿ ಫೋಟೋ ಹೊಡೆಯಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು. ಅದರ ಅಲೆಯುದ್ದವನ್ನು ನ್ಯಾನೊಮೀಟರ್‌ನಲ್ಲಿ ಬರೆದಿರುತ್ತಾರೆ. 850 ನ್ಯಾನೊಮೀಟರ್ ಅಂತ ಬರೆದ ಕ್ಯಾಮೆರಾದಲ್ಲಿ ಸಣ್ಣ ಕೆಂಪು ಹೊಳಪು ಕಣ್ಣಿಗೆ ಕಾಣುತ್ತದೆ, ಆದರೆ ದೂರದವರೆಗೆ ಚಿತ್ರ ಚೆನ್ನಾಗಿ ಬರುತ್ತದೆ. 940 ಅಂದರೆ ಹೊಳಪೇ ಕಾಣಲ್ಲ, ಚಿತ್ರ ಮಾತ್ರ ಸ್ವಲ್ಪ ಮಂಕು. ಕೋಳಿಗೂಡಿಗೆ ಎರಡೂ ನಡೆಯುತ್ತದೆ, ದೂರವೇನೂ ಇರಲ್ಲವಲ್ಲ. ಕಟ್ಟುವುದು ಮೊಣಕಾಲೆತ್ತರಕ್ಕೆ. ಎದೆಯೆತ್ತರಕ್ಕೆ ಕಟ್ಟಿದರೆ ಮುಂಗುಸಿ ಕೆಳಗಿನಿಂದಲೇ ಹೋಗಿಬಿಡುತ್ತದೆ. ಮುಂದೆ ಅಲ್ಲಾಡುವ ಸೊಪ್ಪು, ಎದುರಿಗೆ ಸೂರ್ಯ ಇರಬಾರದು. ಇದ್ದರೆ ಕಾರ್ಡ್ ತುಂಬ ಎಲೆಯ ಫೋಟೋ.

ಇದರ ಕೊರತೆಯನ್ನೂ ಹೇಳಬೇಕು. ಸೆನ್ಸರ್ ನೋಡುವುದು ಸುತ್ತಲಿನ ಶಾಖಕ್ಕೂ ಪ್ರಾಣಿಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ಸುಡುವ ಬಿಸಿಲಲ್ಲಿ ನೆಲವೇ ಪ್ರಾಣಿಯಷ್ಟು ಬಿಸಿಯಾದಾಗ ಅದಕ್ಕೆ ಮಂಪರು ಬಂದಂತೆ ಆಗುತ್ತದೆ. ಹಾವಿನ ಮೈಯಂತೂ ಸುತ್ತಲಿನಷ್ಟೇ ಬಿಸಿ, ಹಾಗಾಗಿ ಹೆಚ್ಚಿನ ಸಲ ಅದರ ಸುಳಿವೇ ಸಿಗಲ್ಲ. ನಮ್ಮಲ್ಲಿ ಕೇರೆಹಾವು ಬರುತ್ತಿದ್ದದ್ದನ್ನು ಹಿಡಿದದ್ದು ಬೂದಿ, ಕ್ಯಾಮೆರಾ ಅಲ್ಲ. ಅಷ್ಟಾದರೂ ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಯಾರಾದರೂ ಎರವಲು ಕೊಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಕಳ್ಳ ಯಾರು ಅಂತ ಗೊತ್ತಾದ ಮೇಲೆ ಇದಕ್ಕೆ ಅಷ್ಟು ಕೆಲಸ ಇರಲ್ಲ.

ಈಗ ಜಾಲರಿ. ಇಲ್ಲಿ ಒಂದು ಹೆಸರಿನ ಮೋಸ ಇದೆ. ಆರು ಮೂಲೆ ಕಣ್ಣಿನ, ತೆಳ್ಳನೆ ತಂತಿ ಹೆಣೆದ ಜಾಲರಿಯನ್ನು ಕೋಳಿ ಜಾಲರಿ ಅಂತಲೇ ಮಾರುತ್ತಾರೆ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ಹೊರಗಿನವರನ್ನು ಹೊರಗೆ ಇಡಲ್ಲ. ನಾಯಿ ಎರಡು ಸಲ ಪಂಜ ಹಾಕಿ ಎಳೆದರೆ ಹರಿಯುತ್ತದೆ. ಕಣ್ಣು ದೊಡ್ಡದಾದರೆ ಹೆಗ್ಗಣ, ಹಾವು ಬಗ್ಗದೆಯೇ ಒಳಗೆ ಬರುತ್ತವೆ. ಬೇಕಾದದ್ದು ವೆಲ್ಡ್ ಮೆಶ್. ಅಡ್ಡ, ಉದ್ದ ತಂತಿ ಸೇರುವ ಪ್ರತಿ ಜಾಗದಲ್ಲೂ ಬೆಸುಗೆ ಇರುವ ಚೌಕಕಣ್ಣಿನ ಜಾಲರಿ.

ಕಣ್ಣಿನ ಅಳತೆ ಅರ್ಧ ಇಂಚು, ಅಂದರೆ ಸುಮಾರು 12 ಮಿಲಿಮೀಟರ್. ಇದರಲ್ಲಿ ದೊಡ್ಡ ಹೆಗ್ಗಣ, ಮುಂಗುಸಿ, ರಕೂನ್ ಕೈ ಯಾವುದೂ ತೂರಲ್ಲ. ಸುಂಡಿಲಿ ತೂರುತ್ತದೆ. ಅದನ್ನೂ ತಡೆಯಬೇಕು ಅಂದರೆ ಕಾಲು ಇಂಚಿನದು ಬೇಕು. ತಂತಿಯ ದಪ್ಪ ಗೇಜ್‌ನಲ್ಲಿ ಹೇಳುತ್ತಾರೆ, ಅಲ್ಲಿ ಲೆಕ್ಕ ಹಿಂದುಮುಂದು. ನಂಬರ್ ಕಡಿಮೆ ಆದಷ್ಟೂ ತಂತಿ ದಪ್ಪ. 19 ಗೇಜ್ ಅಂದರೆ ಸುಮಾರು 1 ಮಿಲಿಮೀಟರ್. ಅದಕ್ಕಿಂತ ತೆಳ್ಳಗಿನದು ಬೇಡ. ನಾಯಿ ಕಾಟ ಇದ್ದರೆ 16 ಗೇಜ್ ನೋಡಿ, ಕತ್ತರಿಸುವಾಗ ಕೈ ನೋಯುತ್ತದೆ, ಆದರೆ ಆಮೇಲೆ ನೆಮ್ಮದಿ.

ಅಂಗಡಿಯಲ್ಲಿ ಸುರುಳಿ ಬಿಚ್ಚಿಸಿ ಬೆಸುಗೆ ನೋಡಿ. ಸತು ಲೇಪನ ಬೆಸುಗೆಗೆ ಮುಂಚೆ ಮಾಡಿದ್ದಾರಾ, ಆಮೇಲೆ ಮಾಡಿದ್ದಾರಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮಾಡಿದ್ದರೆ ಪ್ರತಿ ಗಂಟಿನ ಮೇಲೂ ಸತು ತುಂಬಿಕೊಂಡು ಉಬ್ಬಿರುತ್ತದೆ. ಮುಂಚೆ ಮಾಡಿದ್ದರೆ ಗಂಟಿನಲ್ಲಿ ಸುಟ್ಟ ಕರಿ ಚುಕ್ಕೆ ಕಾಣುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ. ನನ್ನ ಮೊದಲ ಸುರುಳಿ ಹೀಗೆ ಮುಂಚೆ ಲೇಪನ ಮಾಡಿದ ಜಾತಿಯದು. ಮಣ್ಣಿಗೆ ತಾಗಿದ ಕಡೆಯೆಲ್ಲ ಗಂಟು ಬಿಟ್ಟುಕೊಂಡು ತಂತಿ ಒಂದೊಂದಾಗಿ ಕೈಗೆ ಬಂತು. ಮಾರಿದವರನ್ನು ಕೇಳಿದರೆ ‘ಮಣ್ಣಿಗೆ ಹಾಕಿದ್ರೆ ಹಾಗೇ ಆಗೋದು ಮೇಡಂ’ ಅಂದರು. ಮಣ್ಣಿಗಲ್ಲದೆ ಗೋಡೆಗೆ ಹಾರ ಹಾಕುವುದಕ್ಕಾ? ಈಗ ಇರುವುದು ಬೆಸುಗೆ ಆದಮೇಲೆ ಅದ್ದಿ ತೆಗೆದ ಮಾಲು. ಮಳೆ ಬಿದ್ದರೂ ಹಾಗೇ ಇದೆ.

ಮೆಶ್ ಹಾಕುವ ರೀತಿ ಮೆಶ್‌ನಷ್ಟೇ ಮುಖ್ಯ. ಬರೀ ಸ್ಟೇಪಲ್ ಪಿನ್ ಹೊಡೆದರೆ ಒಳ್ಳೆಯ ಜಾಲರಿಯೂ ಒಂದು ಎಳೆತಕ್ಕೆ ಕಿತ್ತು ಬರುತ್ತದೆ. ಅಗಲ ವಾಷರ್ ಇಟ್ಟು ಸ್ಕ್ರೂ ಹಾಕಿ, ಇಲ್ಲವೇ ಮೇಲೊಂದು ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ಪಟ್ಟಿ ಇಟ್ಟರೆ ಕತ್ತರಿಸಿದ ಚೂಪು ತುದಿಗಳೂ ಮುಚ್ಚಿಹೋಗುತ್ತವೆ, ಕೋಳಿಗೂ ನಿಮ್ಮ ಕೈಗೂ ಗೀರಲ್ಲ. ನೆಲದ ಹತ್ತಿರ ನಿಲ್ಲಿಸಬೇಡಿ. ಹೊರಗಡೆಗೆ ಮಡಿಸಿ ಒಂದೂವರೆಯಿಂದ ಎರಡು ಅಡಿ ನೆಲದ ಮೇಲೆ ಹಾಸಿ, ಮೇಲೆ ಮಣ್ಣೋ ಕಲ್ಲೋ ಹಾಕಿ. ಆಳಕ್ಕೆ ಹೂಳುವ ಕೆಲಸವೇ ಬೇಡ. ತೋಡುವ ಪ್ರಾಣಿ ಗೋಡೆಯ ಬುಡಕ್ಕೆ ಬಂದು ಅಲ್ಲೇ ತೋಡಲು ಶುರು ಮಾಡುತ್ತದೆ. ಕಾಲಿಗೆ ಜಾಲರಿ ಸಿಗುತ್ತದೆ. ಎರಡು ಅಡಿ ಹಿಂದೆ ಹೋಗಿ ಅಲ್ಲಿಂದ ಸುರಂಗ ಹೊಡೆಯೋಣ ಅನ್ನುವ ಯೋಚನೆ ಅದಕ್ಕೆ ಹೊಳೆಯುವುದು ಅಪರೂಪ. ನಮ್ಮ ಗೂಡಿನ ಸುತ್ತ ಹಾಸಿದ ಜಾಲರಿಯ ಮೇಲೆ ಪರಚಿದ ಗುರುತು ಈಗಲೂ ಆಗಾಗ ಕಾಣುತ್ತದೆ. ಅಷ್ಟಕ್ಕೇ ನಿಂತಿರುತ್ತದೆ.

ಗಾಳಿ ಆಡುವ ಕಿಂಡಿಗಳನ್ನು ಮರೆಯಬೇಡಿ. ಮಾಡಿನ ಕೆಳಗೆ ಬಿಟ್ಟ ಸಂದಿಯಿಂದ ಪುನುಗುಬೆಕ್ಕು ಸಲೀಸಾಗಿ ಇಳಿಯುತ್ತದೆ, ಅದು ಮರ ಹತ್ತುವ ಪ್ರಾಣಿ. ಹಾಗಂತ ಕಿಂಡಿ ಮುಚ್ಚಿಬಿಟ್ಟರೆ ಕೋಳಿಗಳಿಗೆ ಉಸಿರಾಟದ ತೊಂದರೆ ಶುರುವಾಗುತ್ತದೆ. ಮೆಶ್ ಹಾಕಿ ತೆರೆದೇ ಇಡಿ. ಚಿಲಕಕ್ಕೆ ಎರಡು ಹಂತ ಇರಲಿ. ಬರೀ ಎತ್ತಿ ಬಿಡುವ ಕೊಂಡಿ ಆದರೆ ರಕೂನ್ ಬಿಡಿ, ಗಾಳಿಯೇ ತೆಗೆಯುತ್ತದೆ. ಕೊಂಡಿಗೆ ಒಂದು ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಿದರೆ ಸಾಕು. ಮೆಶ್‌ಗೆ ಐದಕ್ಕೆ ಐದು. ನನ್ನ ಕೈಯಲ್ಲಿ ಇದ್ದದ್ದು ಒಂದೇ ಸಾಮಾನಿಗೆ ಆಗುವಷ್ಟು ದುಡ್ಡು ಅಂದಿದ್ದರೆ ಯೋಚನೆ ಮಾಡದೆ ಇದನ್ನೇ ತರುತ್ತಿದ್ದೆ.

ತಾನಾಗಿ ಮುಚ್ಚುವ ಬಾಗಿಲಿನ ಬಗ್ಗೆ ನನಗೆ ಎರಡು ಮನಸ್ಸು. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ. ಕೂತಲ್ಲೇ ಕೂತಿರುತ್ತದೆ, ಓಡುವುದೂ ಇಲ್ಲ. ಬಾಗಿಲು ಒಂದು ರಾತ್ರಿ ತೆರೆದಿದ್ದರೆ ಸಾಕು, ಗೂಡೇ ಖಾಲಿ. ಮನೆಗೆ ಬರುವುದು ತಡವಾಗುವವರಿಗೆ ಇಂಥದ್ದೊಂದು ಬಾಗಿಲು ಬೇಕೇ ಬೇಕು. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಮೋಟಾರು, ಬೆಳಿಗ್ಗೆ ಏಳುತ್ತದೆ, ಸಂಜೆ ಇಳಿಯುತ್ತದೆ. ನಾವು ಮನೆಯಲ್ಲಿ ಇಲ್ಲದ ಸಂಜೆಗಳಲ್ಲಿ ಇದು ನಮ್ಮನ್ನು ಕಾಪಾಡಿದೆ.

ಈಗ ದೂರು. ಬಾಗಿಲಿಗೆ ಏನಾದರೂ ಅಡ್ಡ ಸಿಕ್ಕರೆ ಕೋಳಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಒಂದು ಸುರಕ್ಷತಾ ಸೆನ್ಸರ್ ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ನಾನು ಮೊದಲು ಕೊಂಡ ಬಾಗಿಲಿನಲ್ಲಿ, ಕೆಳಗಿನ ಹಳಿಯಲ್ಲಿ ಸ್ವಲ್ಪ ಹೊಟ್ಟು ಸೇರಿಕೊಂಡರೂ ಅಡ್ಡ ಇದೆ ಅಂತ ತಿಳಿದು ಬಾಗಿಲು ವಾಪಸ್ ಮೇಲೆ ಹೋಗುತ್ತಿತ್ತು. ಮೇಲೆ ಹೋಗಿ ಇಡೀ ರಾತ್ರಿ ಅಲ್ಲೇ ನಿಲ್ಲುತ್ತಿತ್ತು! ಮತ್ತೊಮ್ಮೆ ಪ್ರಯತ್ನ ಮಾಡುವುದೇ ಇಲ್ಲ. ಒಂದು ಕೆಂಪು ದೀಪ ಮಿಟುಕುತ್ತದೆ, ಅದೂ ಗೂಡಿನ ಒಳಮುಖಕ್ಕೆ. ಕೋಳಿಗಳು ನೋಡಿ ನನಗೆ ಫೋನ್ ಮಾಡಬೇಕು ಅಂತ ಇರಬೇಕು. ಕಂಪನಿಗೆ ಬರೆದರೆ ‘ಹಳಿಯನ್ನು ದಿನವೂ ಸ್ವಚ್ಛ ಮಾಡಿ’ ಅನ್ನುವ ಉತ್ತರ ಬಂತು. ದಿನವೂ ಹೋಗಿ ಬಗ್ಗಿ ಹಳಿ ಒರೆಸುವುದಾದರೆ ಬಾಗಿಲನ್ನೂ ಕೈಯಲ್ಲೇ ಮುಚ್ಚಿ ಬರಬಹುದಲ್ವಾ?

ಅದನ್ನು ತೆಗೆದು ಇನ್ನೊಂದು ಬಗೆಯದನ್ನು ಹಾಕಿದೆ. ಇದು ಅಡ್ಡ ಸಿಕ್ಕರೆ ಸ್ವಲ್ಪ ಮೇಲೆ ಹೋಗಿ, ನಿಂತು, ಮತ್ತೆ ಮುಚ್ಚಲು ನೋಡುತ್ತದೆ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿಯೇ ಕೇಳಿ. ಬಾಗಿಲಿನ ಹೊಸಿಲನ್ನು ಹೊಟ್ಟಿನ ಹಾಸಿಗೆಗಿಂತ ಒಂದು ಗೇಣು ಮೇಲೆ ಇಟ್ಟೆ, ಕೋಳಿ ಕೆದರಿದ ಹೊಟ್ಟು ಹಳಿಗೆ ಬರುವುದು ಬಹಳ ಕಡಿಮೆಯಾಯಿತು. ಇನ್ನೊಂದು ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಮುಚ್ಚಿದ ಬಾಗಿಲನ್ನು ಹೊರಗಿನಿಂದ ಬೆರಳು ಹಾಕಿ ಎತ್ತಿ ನೋಡಿ. ದಾರಕ್ಕೆ ನೇತುಬಿದ್ದ ಹಗುರ ತಗಡಿನ ಬಾಗಿಲು ಸುಮ್ನೆ ಎದ್ದು ಬರುತ್ತದೆ. ನಿಮ್ಮ ಬೆರಳಿಗೆ ಎದ್ದದ್ದು ಪ್ರಾಣಿಯ ಮೂತಿಗೂ ಏಳುತ್ತದೆ. ಮೋಟಾರಿನ ಹಲ್ಲಿನಲ್ಲೇ ಬಿಗಿಯಾಗಿ ನಿಲ್ಲುವ ಬಗೆಯದನ್ನೇ ತೆಗೆದುಕೊಳ್ಳಿ.

ಬೆಳಕಿನ ಸೆನ್ಸರ್ ಬೇಕಾ, ಟೈಮರ್ ಬೇಕಾ ಅಂತ ಕೇಳುವವರಿದ್ದಾರೆ. ಬೆಳಕಿನ ಸೆನ್ಸರ್ ಹಗಲಿನ ಉದ್ದಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಅದು ಲಾಭ. ಆದರೆ ಮೋಡ ಕವಿದ ಸಂಜೆ ಬೇಗ ಮುಚ್ಚಿಬಿಡುತ್ತದೆ, ಹತ್ತಿರ ಬೀದಿದೀಪ ಇದ್ದರೆ ಮುಚ್ಚುವುದೇ ಇಲ್ಲ. ನಾನು ಟೈಮರ್‌ನಲ್ಲಿ ಇಟ್ಟಿದ್ದೇನೆ, ಸೂರ್ಯ ಮುಳುಗಿ ಅರ್ಧ ಗಂಟೆಗೆ. ಆಗಾಗ ಗಳಿಗೆ ಹೊಂದಿಸಬೇಕು, ಪರವಾಗಿಲ್ಲ. ಎಳೆ ಹೇಂಟೆಗಳು ಮೊದಮೊದಲು ತಡವಾಗಿ ಬಂದು ಮುಚ್ಚಿದ ಬಾಗಿಲ ಹೊರಗೆ ಮುದುರಿಕೊಂಡು ಕೂರುತ್ತವೆ. ಕಳ್ಳನಿಗೆ ಇದಕ್ಕಿಂತ ಸುಲಭದ ತುತ್ತು ಬೇರೆ ಇಲ್ಲ. ಬಾಗಿಲಿಗೆ ಎಣಿಸಲು ಬರಲ್ಲ. ಒಳಗೆ ಹಾವು ಹೋಗಿ ಕೂತಿದ್ದರೂ ಅಷ್ಟೇ ಶ್ರದ್ಧೆಯಿಂದ ಮುಚ್ಚುತ್ತದೆ. ಹಾಗಾಗಿ ಮನೆಯಲ್ಲಿ ಇದ್ದ ದಿನ ನನ್ನ ಮಗಳು ಟಾರ್ಚ್ ಹಿಡಿದು ತಲೆ ಎಣಿಸಿ ಬರುತ್ತಾಳೆ. ಐದಕ್ಕೆ ಮೂರೂವರೆ. ಮೊದಲ ಬಾಗಿಲಿಗೆ ಒಂದು, ಅದೂ ಅದರ ತಿರುಪುಗಳು ಬೇರೆ ಕೆಲಸಕ್ಕೆ ಬಂದವು ಅಂತ.

ಮಿಣುಕು ದೀಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಲಾರ್‌ನಲ್ಲಿ ನಡೆಯುವ ಎರಡು ಕೆಂಪು ಚುಕ್ಕೆ. ಪ್ರಾಣಿಗಳು ಅದನ್ನು ಇನ್ನೊಂದು ದೊಡ್ಡ ಪ್ರಾಣಿಯ ಕಣ್ಣು ಅಂದುಕೊಂಡು ಹೆದರುತ್ತವಂತೆ. ಕೆಲವು ದಿನ ಹೆದರಿದವು ಅಂತಲೇ ಕಾಣುತ್ತದೆ, ಕ್ಯಾಮೆರಾದಲ್ಲಿ ಓಡಾಟ ಕಡಿಮೆ ಇತ್ತು. ಆಮೇಲೆ ಪುನುಗುಬೆಕ್ಕು ಅದೇ ದೀಪದ ಪಕ್ಕ ನಿಂತು ಮೈ ಕೆರೆದುಕೊಳ್ಳುವ ಫೋಟೋ ಬಂತು. ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಚಿಲಿ ದೇಶದ ಎತ್ತರದ ಬಯಲಿನಲ್ಲಿ ಒಂಟೆ ಕುಲದ ಸಾಕುಪ್ರಾಣಿಗಳಾದ ಅಲ್ಪಾಕಾ, ಲಾಮಾ ಮಂದೆಗಳ ಸುತ್ತ ಮಿನುಗುವ ದೀಪ ಇಟ್ಟು ಪರೀಕ್ಷೆ ಮಾಡಿದ್ದರು, 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪೂಮಾ ಅನ್ನುವ ದೊಡ್ಡ ಕಾಡುಬೆಕ್ಕು ದೂರ ಉಳಿಯಿತು, ಆಂಡೀಸ್ ನರಿ ಕ್ಯಾರೇ ಅನ್ನಲಿಲ್ಲ. ಅಂದರೆ ದೀಪ ಪೂರ್ತಿ ಸುಳ್ಳಲ್ಲ, ಆದರೆ ಯಾವ ಪ್ರಾಣಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಟ್ಟುಕೊಂಡರೆ ಎರಡು ಮೂರು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸುತ್ತಿರಿ. ಐದಕ್ಕೆ ಒಂದೂವರೆ. ಪ್ಲಾಸ್ಟಿಕ್ ಗೂಬೆಗೂ ಇದೇ ಮಾತು. ನಮ್ಮದರ ತಲೆಯ ಮೇಲೆ ಕಾಗೆ ಕೂರುತ್ತದೆ.

ಅಲ್ಟ್ರಾಸಾನಿಕ್ ಪೆಟ್ಟಿಗೆಗೆ ಸೊನ್ನೆ. ಮನುಷ್ಯರ ಕಿವಿಗೆ ಕೇಳದ, 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ಥಾಯಿಯ ಸದ್ದು ಹೊರಡಿಸಿ ಎಲ್ಲ ಪ್ರಾಣಿ, ಪಕ್ಷಿಗಳನ್ನೂ ಓಡಿಸುತ್ತದೆ ಅನ್ನುವುದು ಹೇಳಿಕೆ. ಪಕ್ಷಿಗಳ ಕಿವಿ ನಮಗಿಂತ ಕೆಳಗಿನ ಸ್ಥಾಯಿಯಲ್ಲೇ ನಿಲ್ಲುತ್ತದೆ, ಸಾಮಾನ್ಯವಾಗಿ 10 ಕಿಲೋಹರ್ಟ್ಸ್‌ ಆಸುಪಾಸು. ಹಾಗಾದರೆ ಗಿಡುಗನಿಗೆ ಇದು ಕೇಳುವುದಾದರೂ ಹೇಗೆ? ಹಾವಿಗಂತೂ ತೀರಾ ಕೆಳಗಿನ ಸದ್ದು, ನೆಲದ ಅದುರು ಇಷ್ಟೇ ತಿಳಿಯುವುದು. ನಾಯಿ, ಬೆಕ್ಕು, ಇಲಿಗೆ ಕೇಳುತ್ತದೆ, ನಿಜ. ಆದರೆ ಇಂಥ ಸದ್ದು ಗಾಳಿಯಲ್ಲಿ ಬೇಗ ಕರಗುತ್ತದೆ, ಒಂದು ಹಲಗೆ ಅಡ್ಡ ಇದ್ದರೂ ದಾಟಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಜಾಸ್ತಿ ತಯಾರಕರು, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿತ್ತು, ಇಂಥ ಪೆಟ್ಟಿಗೆಗಳ ಬಗ್ಗೆ ಹೇಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಅಂತ. ಪೆಟ್ಟಿಗೆಗಳು ಮಾತ್ರ ಇನ್ನೂ ಬರುತ್ತಲೇ ಇವೆ.

ಕರೆಂಟ್ ಬಲೆ ಬೇರೆ ದರ್ಜೆಯ ಸಾಮಾನು. ನಾಲ್ಕು ಅಡಿ ಎತ್ತರದ ಬಲೆ, ಅದರ ಅಡ್ಡ ಎಳೆಗಳಲ್ಲಿ ಸಣ್ಣ ಲೋಹದ ತಂತಿ, ಅದಕ್ಕೆ ಕರೆಂಟ್ ಹೊಡೆತ ಕಳಿಸುವ ಪೆಟ್ಟಿಗೆ, ಅಂದರೆ ಒಂದು ಎನರ್ಜೈಸರ್. ಸೆಕೆಂಡಿಗೊಂದು ಸಲದಂತೆ ಹೊಡೆತ ಹರಿಯುತ್ತದೆ. ಪ್ರಾಣ ಹೋಗುವ ಕರೆಂಟಲ್ಲ, ಆದರೆ ಮೂಗು ತಾಗಿಸಿದ ನರಿ, ನಾಯಿ ಇನ್ನೊಮ್ಮೆ ಆ ಕಡೆ ಬರುವ ಮುಂಚೆ ಯೋಚನೆ ಮಾಡುತ್ತವೆ. ಕೋಳಿಗೆ ಗರಿಯೇ ರಕ್ಷಣೆ. ಜಾಗ ಜಾಸ್ತಿ ಇರುವವರಿಗೆ, ಹಗಲಲ್ಲಿ ಕೋಳಿ ಬಿಟ್ಟು ಮೇಯಿಸುವವರಿಗೆ ಇದನ್ನು ಖಂಡಿತ ಹೇಳುತ್ತೇನೆ. ಬಲೆಯ ಮೇಲೆ ಕನಿಷ್ಠ 3000 ವೋಲ್ಟ್ ಇರಬೇಕು, ಅಳೆಯುವ ಸಣ್ಣ ಟೆಸ್ಟರ್ ಜೊತೆಯಲ್ಲೇ ತಂದುಬಿಡಿ. ಹುಲ್ಲು ಬೆಳೆದು ಕೆಳಗಿನ ಎಳೆಗೆ ತಾಗಿದರೆ ಕರೆಂಟ್ ಅಲ್ಲೇ ನೆಲಕ್ಕೆ ಇಳಿದುಹೋಗುತ್ತದೆ. ಮಣ್ಣು ಒಣಗಿ ಬಿರಿದಿದ್ದರೆ ಅರ್ಥಿಂಗ್ ಸಿಗಲ್ಲ, ನೆಲಕ್ಕೆ ಹೊಡೆದ ಅರ್ಥಿಂಗ್ ಕಂಬಿಯ ಬುಡಕ್ಕೆ ನೀರು ಹಾಕಬೇಕಾಗುತ್ತದೆ. ಸಣ್ಣ ಮರಿಗಳು ಬಲೆಯ ಕಣ್ಣಿನಿಂದ ತೂರಿ ಆಚೆ ಹೋಗುತ್ತವೆ, ಮುಂಗುಸಿ ಈಚೆ ಬರುತ್ತದೆ. ಕಪ್ಪೆ, ಹಾವು ಸಿಕ್ಕಿಕೊಂಡು ಸಾಯುವುದೂ ಉಂಟು, ಅದಕ್ಕೆ ದಿನವೂ ಒಂದು ಸುತ್ತು ಹೋಗಿ ನೋಡಲೇಬೇಕು. ಐದಕ್ಕೆ ಮೂರು. ನಮ್ಮ ಹಿತ್ತಲಿನಂಥ ಚಿಕ್ಕ ಜಾಗಕ್ಕೆ ಎರಡು.

ಇನ್ನು ಆಕಾಶದ ಕಡೆಯಿಂದ ಬರುವವರು. ಇವರಿಗೆ ಮೇಲೆ ಬಲೆ ಕಟ್ಟದೆ ಬೇರೆ ಗಟ್ಟಿ ಉಪಾಯ ನನಗೆ ಕಂಡಿಲ್ಲ. ಎರಡು ಇಂಚು ಕಣ್ಣಿನ ದಪ್ಪ ಎಳೆಯ ಬಲೆ ಸಾಕು. ತೀರಾ ತೆಳ್ಳನೆ ನೈಲಾನ್ ಬಲೆ ಬೇಡ, ಹಕ್ಕಿಗಳು, ಹಾವುಗಳು ಸಿಕ್ಕಿಕೊಂಡು ಒದ್ದಾಡುತ್ತವೆ. ಅಂಗಳ ಪೂರ್ತಿ ಮುಚ್ಚಲು ಆಗದಿದ್ದರೆ ಅಲ್ಲಲ್ಲಿ ಪೊದೆ, ಹಲಗೆ ಮಾಡು, ಏನಾದರೂ ಅಡಗುವ ಜಾಗ ಮಾಡಿಕೊಡಿ. ಅದನ್ನು ಬಳಸಿಕೊಳ್ಳುವುದು ಕೋಳಿಗಳಿಗೆ ಗೊತ್ತು. ನಮ್ಮ ಹುಂಜನಿಗೆ ಈ ಪಟ್ಟಿಯಲ್ಲಿ ಒಂದು ಜಾಗ ಕೊಡಲೇಬೇಕು. ಮೇಲೆ ಗಿಡುಗ ಕಂಡರೆ ಒಂದು ಉದ್ದನೆಯ ಸಣ್ಣ ಕೂಗು, ಎಲ್ಲ ಹೇಂಟೆಗಳೂ ಓಡಿ ಪೊದೆ ಸೇರಿ ತಗ್ಗುತ್ತವೆ. ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡರೆ ಕೊಕ್ ಕೊಕ್ ಕೊಕ್ ಅಂತ ಬಿಡದೆ ಕೂಗು, ಆಗ ಎಲ್ಲವೂ ಕತ್ತು ನೆಟ್ಟಗೆ ಮಾಡಿ ನಿಲ್ಲುತ್ತವೆ. ಪ್ರಾಣಿಗಳ ವರ್ತನೆ ಅಭ್ಯಾಸ ಮಾಡುವವರು ಈ ಎರಡು ಕೂಗನ್ನೂ ರೆಕಾರ್ಡ್ ಮಾಡಿ, ಸ್ಪೀಕರಿನಲ್ಲಿ ಕೇಳಿಸಿ ನೋಡಿದ್ದಾರೆ. ಎದುರಿಗೆ ಯಾವ ಪ್ರಾಣಿಯೂ ಇಲ್ಲದಿದ್ದರೂ ಕೋಳಿಗಳು ಕೂಗಿಗೆ ತಕ್ಕಂತೆಯೇ ನಡೆದುಕೊಂಡವು. ಈಗ ನನಗೂ ಅಡುಗೆಮನೆಯಲ್ಲಿ ನಿಂತೇ ಮೇಲೆ ನೋಡಬೇಕಾ, ಕೆಳಗೆ ನೋಡಬೇಕಾ ಅಂತ ತಿಳಿಯುತ್ತದೆ.

ಕಾಳಿನ ವಿಷಯ ಒಂದು ಮಾತು. ರಾತ್ರಿ ಗೂಡಿನಲ್ಲಿ ಕಾಳು ಉಳಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಬಂದ ಹಾವಿಗೆ ಮೊಟ್ಟೆ ಸಿಗುತ್ತದೆ. ನಮ್ಮ ಕೇರೆಹಾವು ಬಂದದ್ದು ಹೀಗೇ. ಮುಚ್ಚಳ ಬಿಗಿಯಾದ ತಗಡಿನ ಡಬ್ಬ ತಂದೆವು, ಸಂಜೆ ತಟ್ಟೆ ಎತ್ತಿಡುತ್ತೇವೆ, ಮೊಟ್ಟೆ ಮಧ್ಯಾಹ್ನವೇ ತೆಗೆಯುತ್ತೇವೆ. ಪ್ಲಾಸ್ಟಿಕ್ ಡಬ್ಬ ತರಬೇಡಿ, ಹೆಗ್ಗಣ ಕೊರೆಯುತ್ತದೆ. ಇಲಿಪಾಷಾಣವಂತೂ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ, ಕೋಳಿಯೂ ಕುಕ್ಕುತ್ತದೆ.

ಕೊನೆಗೆ ಬೋನು. ಜೀವಂತ ಹಿಡಿಯುವ ತಂತಿಯ ಬೋನನ್ನು ನಮ್ಮ ಮನೆಯವರು ತಂದಿದ್ದರು, ಹಿಡಿದು ದೂರ ಬಿಟ್ಟು ಬರೋಣ ಅಂತ. ಸಾಮಾನು ಗಟ್ಟಿಮುಟ್ಟಾಗಿದೆ, ದೂರೇನಿಲ್ಲ. ಆದರೆ ಕಾಡುಪ್ರಾಣಿ ಹಿಡಿಯುವುದಕ್ಕೆ, ಸಾಗಿಸುವುದಕ್ಕೆ ಬಹಳಷ್ಟು ದೇಶಗಳಲ್ಲಿ ಕಾನೂನಿನ ತಡೆ ಇದೆ, ಗಿಡುಗ, ಗೂಬೆಯ ತಂಟೆಗಂತೂ ಹೋಗುವ ಹಾಗೇ ಇಲ್ಲ. ಕೇಳದೆ ಹಿಡಿದರೆ ಕೋಳಿ ಹೋದದ್ದಲ್ಲದೆ ಕೇಸು ಬೇರೆ. ಅಲ್ಲದೆ ಒಂದು ಮುಂಗುಸಿಯನ್ನು ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಗೂಡಿನ ಸಂದಿ ಹಾಗೇ ಇರುತ್ತದೆ. ಬೋನು ವಾಪಸ್ ಕೊಟ್ಟು ಅದೇ ಲೆಕ್ಕಕ್ಕೆ ಇನ್ನೊಂದು ಸುರುಳಿ ಮೆಶ್ ತೆಗೆದುಕೊಂಡು ಬಂದರು. ಕಾಲು ಇಂಚಿನದು. ಮರಿಗಳ ಗೂಡಿಗೆ ಹಾಕಿ ಆಯಿತು, ಉಳಿದ ತುಂಡಿನಲ್ಲಿ ಕಿಂಡಿಗೆ ಎರಡನೇ ಪದರ ಮಾಡಬೇಕು. ವಾಷರ್ ಸಾಲದೆ ನಿಂತಿದೆ.